ಸೋದೆಗೆ ಹೊರಡುವ ಮುನ್ನ

ದೊಡ್ಡ ಊರಿಗೆ ಹೊರಡುವವನಿಗೆ ಹೆಚ್ಚಿನ ಸಿದ್ಧತೆ ಬೇಡ. ಹಂಪೆಗೆ ಹೋದವನು ಕಣ್ಣು ತೆರೆದಿದ್ದರೆ ಸಾಕು. ಕಲ್ಲುಗಳೇ ಕೈಹಿಡಿದು ಕರೆದೊಯ್ಯುತ್ತವೆ. ಬಿಜಾಪುರಕ್ಕೆ ಹೋದವನಿಗೆ ಊರು ಸೇರುವ ಮೊದಲೇ ಗೋಳಗುಮ್ಮಟ ಕಾಣಿಸಿಕೊಳ್ಳುತ್ತದೆ. ಆದರೆ ಒಂದು ಕಾಲಕ್ಕೆ ರಾಜಧಾನಿಯಾಗಿ ಮೆರೆದು, ಈಗ ಚಿಕ್ಕ ಹಳ್ಳಿಯಾಗಿ ಉಳಿದಿರುವ ಊರಿಗೆ ಹೋಗುವವನು ಅರ್ಧ ಪ್ರಯಾಣವನ್ನು ಮನೆಯಲ್ಲಿ ಕುಳಿತೇ ಮುಗಿಸಿರಬೇಕು. ಇಲ್ಲವಾದರೆ ಅಲ್ಲಿ ಅವನಿಗೆ ಕಾಣುವುದು ಗಿಡಗಂಟಿ ಮತ್ತು ಅಡಿಕೆಯ ತೋಟ ಮಾತ್ರ.

ಸಿರಸಿ ತಾಲೂಕಿನ ಸೋದೆ ಅಂಥ ಊರು. ಸಿರಸಿಯಿಂದ ಯಲ್ಲಾಪುರದ ದಿಕ್ಕಿನಲ್ಲಿ ಸುಮಾರು 20 ಕಿಲೋಮೀಟರು ದೂರದಲ್ಲಿ, ಶಾಲ್ಮಲಾ ನದಿಯ ಆಸುಪಾಸಿನ ಕಾಡಿನೊಳಗಿದೆ. ಊರು ಚಿಕ್ಕದಾದರೂ ಅದಕ್ಕೆ ಹೆಸರುಗಳು ನಾಲ್ಕು. ಜನರ ಬಾಯಲ್ಲಿ ಸೋದೆ, ಸರಕಾರದ ಕಾಗದದಲ್ಲಿ ಸೋಂದಾ, ಜೈನರಿಗೆ ಸ್ವಾದಿ, ಸಂಸ್ಕೃತ ಪಂಡಿತರಿಗೆ ಸುಧಾಪುರ. ಒಂದು ಊರನ್ನು ನಾಲ್ಕು ಬಗೆಯ ಜನ ನಾಲ್ಕು ಹೆಸರಿನಿಂದ ಕರೆಯಬೇಕಾದರೆ, ನಾಲ್ಕು ಬಗೆಯ ಜನಕ್ಕೂ ಅಲ್ಲಿ ಏನೋ ಒಂದು ಸಂಬಂಧವಿತ್ತೆಂದೇ ಅರ್ಥ. ಬರುವ ಚಳಿಗಾಲದಲ್ಲಿ ಅಲ್ಲಿಗೆ ಹೋಗಬೇಕೆಂದು ನಾನು ಯೋಜನೆ ಹಾಕಿಕೊಂಡಿದ್ದೇನೆ. ಅದರ ಸಿದ್ಧತೆಯಲ್ಲಿ ಓದಿದ್ದು, ಯೋಚಿಸಿದ್ದು ವಾಚಕರಿಗೂ ಪ್ರಯೋಜನಕ್ಕೆ ಬಂದೀತೆಂದು ಈ ಲೇಖನ.

ಇಂಗ್ಲೆಂಡಿನವನೊಬ್ಬ ತನ್ನ ಪೂರ್ವಿಕರ ಸಣ್ಣ ಹಳ್ಳಿಯನ್ನು ನೋಡಬೇಕೆಂದರೆ ಅವನ ಕೆಲಸ ಬಹಳ ಸುಲಭ. 1538ರಲ್ಲಿಯೇ ಅಲ್ಲಿನ ಪ್ರತಿಯೊಂದು ಇಗರ್ಜಿಯೂ ಊರಿನ ನಾಮಕರಣ, ಮದುವೆ, ಅಂತ್ಯಕ್ರಿಯೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಅಪ್ಪಣೆಯಾಯಿತು. ಹಾಗಾಗಿ ಎಂಥ ಕುಗ್ರಾಮದ ಒಕ್ಕಲಿಗನಿಗೂ ಅಲ್ಲಿ ಒಂದು ಸಾಲಿನ ಚರಿತ್ರೆಯುಂಟು. ನಮ್ಮ ಹಳ್ಳಿಗಳಲ್ಲಿ ಅಂಥ ಪುಸ್ತಕವಿಲ್ಲ. ಹಾಗೆಂದು ಚರಿತ್ರೆಯೇ ಇಲ್ಲವೆನ್ನುವುದು ತಪ್ಪಾದೀತು. ಅದು ಒಂದು ಕಡೆ ಇಲ್ಲ, ಅಷ್ಟೆ. ಒಂದಿಷ್ಟು ಮಠದ ಸನ್ನದಿನಲ್ಲಿ, ಒಂದಿಷ್ಟು ಗುಡಿಯ ಶಾಸನದಲ್ಲಿ, ಒಂದಿಷ್ಟು ಪರದೇಶದವನ ದಿನಚರಿಯಲ್ಲಿ, ಉಳಿದದ್ದು ಗದ್ದೆ ತೋಟಗಳ ಹೆಸರಿನಲ್ಲಿ ಚದುರಿಹೋಗಿದೆ. ಚಿಕ್ಕ ಊರಿಗೆ ಹೋಗುವ ಯೋಜನೆಯೆಂದರೆ ಈ ಚದುರಿದ್ದನ್ನು ಕೂಡಿಸಿಕೊಳ್ಳುವ ಯೋಜನೆ.

ಮೊದಲು ಚರಿತ್ರೆಯ ಚೌಕಟ್ಟು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಅದರ ಅಧೀನದಲ್ಲಿದ್ದ ನಾಯಕರು ತಮ್ಮತಮ್ಮ ನೆಲೆಗಳಲ್ಲಿ ಬಲಗೊಂಡರು. ಇಕ್ಕೇರಿಯಲ್ಲಿ ಕೆಳದಿಯವರು, ಬಿಳಗಿಯಲ್ಲಿ ಬಿಳಗಿಯವರು, ಸೋದೆಯಲ್ಲಿ ಅರಸಪ್ಪ ನಾಯಕನ ಮನೆತನದವರು. ಸೋದೆಯ ಅರಸರು ಸುಮಾರು ಎರಡು ಶತಮಾನಗಳ ಕಾಲ ಆಳಿದರು. ಘಟ್ಟದ ಮೇಲಣ ಮೆಣಸು, ಅಡಿಕೆ ಕರಾವಳಿಗೆ ಇಳಿಯುವ ದಾರಿಗಳು ಅವರ ಕೈಯಲ್ಲಿದ್ದುವು. 1678ರಿಂದ 1718ರ ವರೆಗೆ ಆಳಿದ ಸದಾಶಿವರಾಯನ ಕಾಲವನ್ನು ಆ ರಾಜ್ಯದ ಒಳ್ಳೆಯ ದಿನಗಳೆಂದು ಹೇಳುವುದುಂಟು. ನೆರೆಯಲ್ಲಿ ಬಿಜಾಪುರದವರು, ಮರಾಠರು, ಪೋರ್ತುಗೀಜರು, ಕೆಳದಿಯವರು. ಇಷ್ಟು ಜನರ ನಡುವೆ ಇನ್ನೂರು ವರ್ಷ ಬಾಳಿದ್ದೇ ಒಂದು ಸಾಧನೆ.

ಆ ಬಾಳು ಮುಗಿದದ್ದು ಹೈದರಾಲಿಯ ಕೈಯಲ್ಲಿ. 1763ರ ಆರಂಭದಲ್ಲಿ ಬಿದನೂರು ಅವನ ವಶವಾಯಿತು. ಅದರ ಬೆನ್ನಿಗೇ ಸೋದೆಯ ಸರದಿ ಬಂತು. ಕಡೆಯ ಅರಸ ಇಮ್ಮಡಿ ಸದಾಶಿವ ಘಟ್ಟವಿಳಿದು ಪೋರ್ತುಗೀಜರ ಆಶ್ರಯಕ್ಕೆ ಗೋವೆಗೆ ಹೋದ. ಅವನ ಅಧೀನದಲ್ಲಿದ್ದ ಫೋಂಡಾ, ಕಾಣಕೋಣ ಮೊದಲಾದ ಸೀಮೆಗಳು ಪೋರ್ತುಗೀಜರಿಗೆ ಸೇರಿದುವು. 1791ರ ಕರಾರಿನಲ್ಲಿ ಅದು ಕಾಗದಕ್ಕೂ ಬಂತು. ಮನೆತನದವರು ಫೋಂಡಾದ ಹತ್ತಿರ ಬಾಂದಿವಡೆಯಲ್ಲಿ ನೆಲೆಸಿದರು. ಸೋದೆಯ ಅರಸರ ಅರಮನೆಯನ್ನು ನೋಡಬೇಕೆನ್ನುವವನು ಇಂದಿಗೂ ಸೋದೆಗಲ್ಲ, ಗೋವೆಗೆ ಹೋಗಬೇಕು! ರಾಜ್ಯ ಒಂದು ಕಡೆ, ರಾಜಮನೆ ಇನ್ನೊಂದು ಕಡೆ.

ಸೋದೆಯಲ್ಲಿ ಉಳಿದದ್ದನ್ನು ಬರೆದಿಟ್ಟವರು ಯಾರು? 1801ರ ಮಾರ್ಚಿಯಲ್ಲಿ ಇಂಗ್ಲಿಷರ ಕಂಪನಿಯ ನೌಕರಿಯಲ್ಲಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಯಲ್ಲಾಪುರದ ಕಡೆಯಿಂದ ಈ ಸೀಮೆಗೆ ಬಂದು, ಸೋದೆ, ಸಿರಸಿ, ಬನವಾಸಿಗಳನ್ನು ನೋಡಿಕೊಂಡು ಮುಂದೆ ಹೋದ. ಟಿಪ್ಪುವಿನ ಪತನದ ಮೇಲೆ ಹೊಸದಾಗಿ ಕೈಗೆ ಬಂದ ನೆಲದಲ್ಲಿ ಏನು ಬೆಳೆಯುತ್ತದೆ, ಏನು ಹುಟ್ಟುವಳಿಯಾದೀತು ಎಂದು ತಿಳಿಯುವುದಕ್ಕೆ ಅವನನ್ನು ಕಳಿಸಲಾಗಿತ್ತು. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನಿಗೆ ನಮ್ಮ ಕಾವ್ಯ, ಧರ್ಮಗಳಿಗಿಂತ ಮೆಣಸಿನ ಬಳ್ಳಿಯ ಮೇಲೆ ಮನಸ್ಸು ಹೆಚ್ಚು. ಆದರೆ ಪ್ರಶ್ನೆ ಕೇಳುವ ಅಭ್ಯಾಸವಿದ್ದವನಾದ್ದರಿಂದ, ತೋಟದ ಹವ್ಯಕರನ್ನು ಕೂರಿಸಿಕೊಂಡು ಅಡಿಕೆಯ ಕೃಷಿಯನ್ನು ಬರೆದುಕೊಂಡಂತೆಯೇ ಯುದ್ಧಗಳಿಂದ ಹಾಳಾದ ಪಟ್ಟಣದ ಸಂಗತಿಯನ್ನೂ ಬರೆದುಕೊಂಡ. ಅರಸ ಹೋಗಿ ಆಗ ನಾಲ್ಕು ದಶಕ ತುಂಬಿರಲಿಲ್ಲ. ಪಟ್ಟಣವನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು. ಈ ಕಾರಣಕ್ಕಾಗಿಯೇ ಅವನ ಪುಟಗಳಿಗೆ ಬೆಲೆ.

ಆಮೇಲೆ ಎಂಬತ್ತು ವರ್ಷ ಕಳೆದು 1883ರಲ್ಲಿ ಮುಂಬಯಿ ಸರಕಾರದ ಕಾನಡಾ ಜಿಲ್ಲೆಯ ಗೆಜೆಟಿಯರು ಹೊರಬಂತು. ಅದರಲ್ಲಿ ಕೋಟೆಯ ವರ್ಣನೆಯಿದೆ: ಗಿಡಮರಗಳು ಮುಚ್ಚಿದ ಎತ್ತರದ ಗೋಡೆಗಳು, 14ರಿಂದ 16 ಅಡಿ ಉದ್ದದ ಒಂದೊಂದೇ ಕಲ್ಲಿನ ಬಾಗಿಲುಕಂಬಗಳು, ನಯಗೊಳಿಸಿದ ಕಲ್ಲು ಕಟ್ಟಿದ ಹೊಂಡಗಳು, ಕೆತ್ತನೆಯ ಐದು ಕುಳ್ಳುಕಂಬಗಳ ಮೇಲೆ ಕೂರಿಸಿದ, 12 ಅಡಿ ಚೌಕದ, ಆರು ಅಂಗುಲ ದಪ್ಪದ ಒಂದು ಕಲ್ಲುಹಾಸು. ಜನ ಅದನ್ನು ಅರಸರ ಸಿಂಹಾಸನವೆನ್ನುತ್ತಾರೆ. ಅದೊಂದನ್ನು ಬಿಟ್ಟರೆ ಅರಮನೆಯ ಕುರುಹೇ ಇಲ್ಲವೆಂದು ಗೆಜೆಟಿಯರಿನ ಮಾತು. ಕೂರುವ ಕಲ್ಲು ಉಳಿದಿದೆ, ಕೂತವರ ಮನೆಯಿಲ್ಲ.

ಇನ್ನು ಅದೇ ಊರಿನಲ್ಲಿ ಏನೇನು ಉಳಿದಿದೆಯೆಂಬುದನ್ನು ನೋಡೋಣ. ಅರಸಪ್ಪ ನಾಯಕನ ಕಾಲದಲ್ಲಿ ಶ್ರೀ ವಾದಿರಾಜರು ಇಲ್ಲಿ ನೆಲೆಸಿದರು. ತ್ರಿವಿಕ್ರಮನ ಗುಡಿ, ಧವಳಗಂಗೆಯ ಕೊಳ, ವಾದಿರಾಜರ ವೃಂದಾವನ ಇಂದಿಗೂ ನಡೆದುಕೊಳ್ಳುವ ಕ್ಷೇತ್ರಗಳು. ಉಡುಪಿಯ ಅಷ್ಟಮಠಗಳಲ್ಲಿ ಒಂದಾಗಿ ಕುಂಭಾಸಿ ಮಠವೆಂದು ಕರೆಯಲ್ಪಡುತ್ತಿದ್ದ ಮಠಕ್ಕೆ ಸೋದೆ ಮಠವೆಂಬ ಹೆಸರೇ ನಿಂತುಬಿಟ್ಟಿತು. ಘಟ್ಟದ ಮೇಲಿನ ಈ ಪುಟ್ಟ ಊರಿನ ಹೆಸರು ಹದಿನಾರು ವರ್ಷಕ್ಕೊಮ್ಮೆ ಉಡುಪಿಯ ಪರ್ಯಾಯದಲ್ಲಿ ಮೊಳಗುತ್ತದೆ. ಸ್ಮಾರ್ತ ಹವ್ಯಕರ ಸ್ವರ್ಣವಲ್ಲೀ ಮಠ ಇಲ್ಲಿಯೇ ಸಮೀಪದಲ್ಲಿದೆ. ಜೈನರ ಸ್ವಾದಿ ಮಠವೂ ಇದೆ. ಅದರ ಗುರುಗಳಿಗೆ ಭಟ್ಟಾಕಳಂಕರೆಂಬ ಹೆಸರು ಪರಂಪರೆಯಿಂದ ಬಂದದ್ದು. 1604ರಲ್ಲಿ ಕನ್ನಡಕ್ಕೆ 592 ಸೂತ್ರಗಳ ವ್ಯಾಕರಣವನ್ನು ಸಂಸ್ಕೃತದಲ್ಲಿ ಬರೆದ, 'ಕರ್ಣಾಟಕ ಶಬ್ದಾನುಶಾಸನ'ದ ಕರ್ತೃವಿನ ಹೆಸರೂ ಅದೇ ಎಂಬುದನ್ನು ಕನ್ನಡಿಗರು ಮರೆಯಬಾರದು. ಅರಸುಮನೆತನ ಮುಂದೆ ವೀರಶೈವವನ್ನು ಹಿಡಿಯಿತು. ಆದರೂ ಉಳಿದವರ ಮಠಗಳು ನಡೆದುಕೊಂಡೇ ಬಂದುವು.

ಊರ ಹೊರಗೆ, ಶಾಲ್ಮಲೆಯ ಪಾತ್ರದಲ್ಲಿ ಸಹಸ್ರಲಿಂಗವಿದೆ. ನದಿಯ ಬಂಡೆಬಂಡೆಗೂ ಲಿಂಗ, ಎದುರಿಗೆ ನಂದಿ. ಸದಾಶಿವರಾಯನು ಕೆತ್ತಿಸಿದನೆಂದು ಪ್ರತೀತಿ. ಅದಕ್ಕೆ ಮಾಡಿಲ್ಲ, ಗೋಡೆಯಿಲ್ಲ, ಬೀಗವಿಲ್ಲ. ವರ್ಷವರ್ಷವೂ ಮಳೆಗಾಲದ ಪ್ರವಾಹ ಅದನ್ನು ಮುಳುಗಿಸಿ ಮತ್ತೆ ಬಿಟ್ಟುಕೊಡುತ್ತದೆ. ಶಿವರಾತ್ರಿಗೆ ಜನ ನೀರಿಗಿಳಿದು ತಾವೇ ಪೂಜೆ ಮಾಡುತ್ತಾರೆ. ಅದೇ ಅರಸನ ಆಳಿಕೆಯ ದಿನಗಳಲ್ಲಿ, 1689ರಲ್ಲಿ, ಸಿರಸಿಯಲ್ಲಿ ಮಾರಿಕಾಂಬೆಯ ಪ್ರತಿಷ್ಠೆಯಾಯಿತು. ಎರಡು ವರ್ಷಕ್ಕೊಮ್ಮೆ ಆಗುವ ಅವಳ ಜಾತ್ರೆಗೆ ಇಂದು ನಾಡೇ ನೆರೆಯುತ್ತದೆ. ಆಗಿನ ರಾಜಧಾನಿ ಹಳ್ಳಿಯಾಯಿತು; ಸಿರಸಿ ಪಟ್ಟಣವಾಗಿ ಬೆಳೆಯಿತು.

ಈ ಎರಡು ಪಟ್ಟಿಗಳನ್ನು ಎದುರುಬದುರಾಗಿ ಇಟ್ಟುಕೊಂಡಾಗ ನನಗೆ ಒಂದು ಸಂಗತಿ ಹೊಳೆಯಿತು. ಸೋದೆಯ ಅರಸರು ತಮಗಾಗಿ ಇಟ್ಟುಕೊಂಡದ್ದು ಯಾವುದೂ ಉಳಿಯಲಿಲ್ಲ. ಬೇರೆಯವರಿಗೆ ಬಿಟ್ಟುಕೊಟ್ಟದ್ದು ಉಳಿಯಿತು. ಸರ್ವಜ್ಞನನ್ನು ಬಲ್ಲ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಆದರೆ ಇದನ್ನು ನೀತಿಪಾಠವೆಂದಷ್ಟೇ ತಿಳಿಯಬೇಕಾಗಿಲ್ಲ. ಇದರ ಹಿಂದೆ ಲೋಕವ್ಯವಹಾರದ ಕಾರಣವೂ ಉಂಟು. ಅರಮನೆಗೆ ಒಡೆಯ ಒಬ್ಬನೇ. ಅವನು ಓಡಿಹೋದ ದಿನವೇ ಅದು ಅನಾಥ. ಗೆದ್ದವನು ಮೊದಲು ಕೈಯಿಕ್ಕುವುದೂ ಅದಕ್ಕೇ. ಮಠಕ್ಕಾದರೋ ಶಿಷ್ಯರು ನೂರು ಊರುಗಳಲ್ಲಿ. ಅಡಿಕೆಯ ಕೊಯ್ಲಾದಾಗ ಒಬ್ಬೊಬ್ಬನು ಒಂದಿಷ್ಟು ಕೊಟ್ಟರೂ ದೀಪ ಉರಿಯುತ್ತದೆ. ಅರಮನೆ ನಡೆಯಲು ಬೊಕ್ಕಸ ಬೇಕು, ಗುಡಿ ನಡೆಯಲು ಒಂದು ಹೊತ್ತಿನ ಅಕ್ಕಿ ಸಾಕು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಅರಸನಿಗೆ ಗೋವೆ ಸಿಕ್ಕಿತು, ಮಠಗಳಿಗೆ ಶಿಷ್ಯರು ಸಿಕ್ಕರು. ಪಟ್ಟಣದ ಜನ ಏನಾದರು? ರಾಜಧಾನಿಯೆಂದಮೇಲೆ ನೇಕಾರ, ಕಂಚುಗಾರ, ಸೆಟ್ಟಿ, ಕಲ್ಲುಕುಟಿಗ, ಹೇರೆತ್ತಿನವ, ಕಾಲಾಳು ಎಲ್ಲರೂ ಇದ್ದಿರಲೇಬೇಕು. ಮಲೆನಾಡಿನ ಮಳೆಗೆ ಮಣ್ಣುಗೋಡೆಯ, ಹುಲ್ಲುಮಾಡಿನ ಮನೆ ಎಷ್ಟು ವರ್ಷ ನಿಂತೀತು? ಅವರಿಗೆ ಶಾಸನವಿಲ್ಲ, ಸನ್ನದಿಲ್ಲ. ಬಾಗಿಲುಕಂಬವನ್ನು ಬುಕಾನನ್ನನೂ ಗೆಜೆಟಿಯರಿನವರೂ ನೋಡಿಯಾರು. ಆ ಹದಿನಾರಡಿಯ ಕಲ್ಲನ್ನು ಎತ್ತಿ ನಿಲ್ಲಿಸಿದವನ ಹೆಸರನ್ನು ಕೇಳಿದವರಿಲ್ಲ. ಇಂಗ್ಲೆಂಡಿನ ಹಳ್ಳಿಯ ಇಗರ್ಜಿಯ ಪುಸ್ತಕದಲ್ಲಿ ಇಂಥವನಿಗೆ ಒಂದು ಸಾಲು ಸಿಗುತ್ತಿತ್ತು. ಸೋದೆಯಲ್ಲಿ ಅವನಿಗೆ ಸಿಕ್ಕಿರಬಹುದಾದದ್ದು ಒಂದು ಹೆಸರು ಮಾತ್ರ: ಯಾವುದೋ ಗದ್ದೆಗೆ, ಕೇರಿಗೆ, ಕೆರೆಗೆ ಅಂಟಿಕೊಂಡ ಹೆಸರು. ಆದ್ದರಿಂದ ನನ್ನ ಯೋಜನೆಯಲ್ಲಿ ಮೊದಲನೆಯ ಕೆಲಸ ಹಳೆಯ ತಲೆಗಳನ್ನು ಕಂಡು ತೋಟ, ಗದ್ದೆ, ಹಾದಿಗಳ ಹೆಸರು ಕೇಳಿ ಬರೆದುಕೊಳ್ಳುವುದು. ಕೋಟೆಯನ್ನು ನೋಡುವುದು ಅದಾದ ಮೇಲೆ.

ಇನ್ನು ಪ್ರಯಾಣದ ಮಾತು. ಮಳೆಗಾಲದಲ್ಲಿ ಹೋದರೆ ಸೋದೆಯ ಮುಂಡಿಗೆಕೆರೆಯಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿಗಳನ್ನು ನೋಡಬಹುದು. ಆದರೆ ಸಹಸ್ರಲಿಂಗ ನೀರಿನಡಿ ಇರುತ್ತದೆ, ಕೋಟೆಯಲ್ಲಿ ಇಂಬಳ. ಚರಿತ್ರೆಗಾಗಿ ಹೋಗುವವನಿಗೆ ಮಾರ್ಗಶಿರ, ಪುಷ್ಯ ಒಳ್ಳೆಯದು: ನೀರು ಇಳಿದಿರುತ್ತದೆ, ಗಿಡಗಂಟಿ ಒಣಗಿ ಗೋಡೆಯ ಸಾಲು ಕಾಣುತ್ತದೆ. ಮಾರಿಜಾತ್ರೆಯ ದಿನಗಳನ್ನು ಬಿಡಬೇಕು. ಬಸ್ಸಿನಲ್ಲಿ ಕಾಲಿಡಲು ಎಡೆಯಿರದು. ಸಿರಸಿಗೆ ರೈಲು ಇಲ್ಲ. ಹುಬ್ಬಳ್ಳಿ, ಹಾವೇರಿ, ಕುಮಟಾ, ತಾಳಗುಪ್ಪ ಎಲ್ಲಿ ಇಳಿದರೂ ಉಳಿದದ್ದು ರಸ್ತೆಯೇ. ನಾನು ಮಾತ್ರ ಬುಕಾನನ್ ಬಂದ ದಿಕ್ಕಿನಿಂದ, ಯಲ್ಲಾಪುರದ ಕಡೆಯಿಂದಲೇ ಬರುವವನಿದ್ದೇನೆ. ಕಾಡು ಮುಗಿದು ತೋಟ, ತೋಟ ಮುಗಿದು ಊರು ಬರುವ ಕ್ರಮ ಆಗ ತಿಳಿಯುತ್ತದೆ.

ಸೋದೆಗೆ ಎರಡು ದಿನ ಬೇಕು. ಒಂದು ದಿನ ಮಠಗಳಿಗೆ, ಒಂದು ದಿನ ಕೋಟೆಗೂ ನದಿಗೂ. ಮೂರನೆಯ ದಿನ ಸಿದ್ಧಾಪುರ ತಾಲೂಕಿನ ಬಿಳಗಿಗೆ. ಅದೂ ಒಂದು ಕಾಲದ ರಾಜಧಾನಿ, ಇಂದಿನ ಹಳ್ಳಿ. ಅಲ್ಲಿ ಇಂದು ನೋಡಲು ಹೋಗುವುದು ರತ್ನತ್ರಯ ಬಸದಿಯನ್ನು, ಮೆಟ್ಟಿಲಿಳಿಯುವ ಗೋಲಬಾವಿಯನ್ನು. ಒಂದು ದೇವರಿಗೆ, ಇನ್ನೊಂದು ಬಾಯಾರಿದವರಿಗೆ. ಸೋದೆ ಕಲಿಸಿದ ಪಾಠವನ್ನು ಬಿಳಗಿ ಒಪ್ಪುತ್ತದೆಯೋ ಇಲ್ಲವೋ ನೋಡಿಬಿಡಬಹುದು.

ಜೊತೆಗೆ ಕೊಂಡೊಯ್ಯುವ ಪುಸ್ತಕಗಳಲ್ಲಿ ವಾದಿರಾಜರ 'ತೀರ್ಥಪ್ರಬಂಧ'ವೂ ಇದೆ. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣವೆಂದು ನಾಲ್ಕು ಭಾಗ ಮಾಡಿ ಭರತಖಂಡದ ಕ್ಷೇತ್ರಗಳನ್ನು ಹಾಡಿದ ಯತಿಗಳು ಕಡೆಗೆ ನೆಲೆ ನಿಂತದ್ದು ಈ ಕಾಡಿನ ಊರಿನಲ್ಲಿ. ಅಷ್ಟು ನಾಡು ನೋಡಿದ ಕಣ್ಣಿಗೆ ಸೋದೆ ಸಣ್ಣದೆನಿಸಲಿಲ್ಲ.

ಕೋಟೆಯ ಕಲ್ಲು ಇನ್ನೂ ನೂರು ವರ್ಷ ಇದ್ದೀತು. ಅದನ್ನು ಅಳೆದು ಬರೆದವರಿದ್ದಾರೆ. ಆದರೆ ಅಟ್ಟದ ಮೇಲಿನ ತಾಳೆಗರಿಗೆ, ಕಡತಕ್ಕೆ ಗೆದ್ದಲಿನ ಭಯ. ಗದ್ದೆಗಳ ಹೆಸರಿಗೆ ಅದಕ್ಕಿಂತ ದೊಡ್ಡ ಭಯ. ಮಕ್ಕಳು ಓದಿ ಊರು ಬಿಟ್ಟ ಮನೆಯಲ್ಲಿ ಅವು ಮುದುಕರೊಡನೆಯೇ ಮುಗಿಯುತ್ತವೆ, ಸರ್ವೆಯ ನಂಬರು ಮಾತ್ರ ಉಳಿಯುತ್ತದೆ. ಸಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಡೆಯ ವಾಚಕರಿಗೆ ನನ್ನ ಬಿನ್ನಹ ಇಷ್ಟೆ: ನಿಮ್ಮ ಊರಿಗೆ ನೀವೇ ಒಮ್ಮೆ ಪರಸ್ಥಳದವರಂತೆ ಹೊರಡಿ. ಒಂದು ನೋಟ್‌ಬುಕ್ಕು ಹಿಡಿದು ಅಜ್ಜನ ಬಳಿ ಕುಳಿತು, ತೋಟದಿಂದ ಹೊಳೆಯ ವರೆಗಿನ ಪ್ರತಿಯೊಂದು ತುಂಡು ನೆಲದ ಹೆಸರನ್ನೂ ಬರೆದುಕೊಳ್ಳಿ. ಇಗರ್ಜಿಯ ಪುಸ್ತಕವಿಲ್ಲದ ನಮ್ಮ ಹಳ್ಳಿಗಳಿಗೆ ಅದೇ ಮೊದಲನೆಯ ಪುಟವಾದೀತು.