ಜ್ವರಲಕ್ಷಣದಿಂದ ರೋಗನಿರ್ಣಯದೆಡೆಗೆ: ಮಂಗನ ಕಾಯಿಲೆಯ ನಿದರ್ಶನ

ವೈದ್ಯನ ಬಳಿಗೆ ಬರುವ ರೋಗಿಗಳು ಹೇಳಿಕೊಳ್ಳುವ ತೊಂದರೆಗಳಲ್ಲಿ ಜ್ವರವು ಅತಿ ಸಾಮಾನ್ಯವಾದುದು. ಆದರೆ ಜ್ವರವು ಸ್ವತಃ ರೋಗವೋ ಅಥವಾ ರೋಗದ ಲಕ್ಷಣವೋ ಎಂಬುದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ದೀರ್ಘಕಾಲ ಉಳಿದ ಪ್ರಶ್ನೆ. ಚರಕಸಂಹಿತೆಯ ನಿದಾನಸ್ಥಾನವು ಜ್ವರವನ್ನು ಒಂದು ವ್ಯಾಧಿಯೆಂದೇ ಪರಿಗಣಿಸಿ ಅದರಿಂದಲೇ ಆರಂಭವಾಗುತ್ತದೆ. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಬಗೆಗಳಿಂದ ವ್ಯಾಧಿಯನ್ನು ಅರಿಯಬೇಕೆಂಬುದು ಅಲ್ಲಿನ ವಿಧಾನ. ಯುರೋಪಿನಲ್ಲಿ 1868ರಲ್ಲಿ ಕಾರ್ಲ್ ವುಂಡರ್ಲಿಖ್ ಅಪಾರ ಸಂಖ್ಯೆಯ ರೋಗಿಗಳ ದೇಹೋಷ್ಣತೆಯ ದಾಖಲೆಗಳನ್ನು ಆಧರಿಸಿದ ಗ್ರಂಥವನ್ನು ಪ್ರಕಟಿಸಿದ ತರುವಾಯ, ಜ್ವರವು ಲಕ್ಷಣವೆಂಬ ನಿಲುವು ಬಲಗೊಂಡಿತು. 1880ರಲ್ಲಿ ಲಾವೆರಾನ್ ಮಲೇರಿಯಾದ ಪರೋಪಜೀವಿಯನ್ನು ರಕ್ತದಲ್ಲಿ ಕಂಡನು. 1896ರಲ್ಲಿ ವಿಡಾಲ್ ವಿಷಮಶೀತಜ್ವರದ ರಕ್ತಪರೀಕ್ಷೆಯನ್ನು ರೂಪಿಸಿದನು. ಹೀಗೆ ಒಂದೇ ಜ್ವರವೆಂದು ತೋರುತ್ತಿದ್ದುದು ಹಲವು ರೋಗಗಳಾಗಿ ಬೇರ್ಪಟ್ಟಿತು.

ಆದರೆ ಪರೀಕ್ಷೆಯು ತಾನು ಹುಡುಕಲೆಂದು ರೂಪುಗೊಂಡ ರೋಗವನ್ನಷ್ಟೇ ತೋರಿಸಬಲ್ಲದು. ಈ ಮಿತಿಗೆ ಕರ್ನಾಟಕದ ಮಲೆನಾಡು ಒಂದು ಮಹತ್ವದ ನಿದರ್ಶನವನ್ನು ಒದಗಿಸಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಲ್ಲಿ ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈನೋವು, ನಿತ್ರಾಣ ಕಾಣಿಸಿಕೊಂಡವು. ಮೊದಮೊದಲು ಇದನ್ನು ವಿಷಮಶೀತಜ್ವರವಿರಬಹುದೆಂದು ಶಂಕಿಸಲಾಯಿತು. ಮಂಗಗಳ ಸಾವು ಗಮನಕ್ಕೆ ಬಂದಾಗ, ಏಷ್ಯಾದಲ್ಲಿ ಎಂದೂ ನೆಲೆಗೊಳ್ಳದಿದ್ದ ಹಳದಿಜ್ವರವು ಕಾಲಿಟ್ಟಿತೇ ಎಂಬ ಆತಂಕ ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಅಧ್ಯಯನವು ಎರಡನ್ನೂ ನಿರಾಕರಿಸಿ, ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ಸನ್ನು ಗುರುತಿಸಿತು. ರಷ್ಯಾದಲ್ಲಿ ಮಿದುಳುಜ್ವರ ಉಂಟುಮಾಡುವ ವೈರಸ್ಸುಗಳೊಡನೆ ಅದಕ್ಕೆ ಬಂಧುತ್ವವಿತ್ತು.

ಇಲ್ಲಿ ಗಮನಾರ್ಹವಾದ ಅಂಶವೆಂದರೆ, ರೋಗಿಯ ದೇಹವೊಂದನ್ನೇ ಪರಿಶೀಲಿಸಿದ ವೈದ್ಯನಿಗೆ ಈ ಜ್ವರವು ಇತರ ಜ್ವರಗಳಿಂದ ಭಿನ್ನವಾಗಿ ತೋರುವುದು ಕಷ್ಟವೆಂಬುದು. ಕಣ್ಣು ಕೆಂಪಾಗುವುದು, ಕೆಲವರಲ್ಲಿ ರಕ್ತಸ್ರಾವ, ಜ್ವರ ಬಿಟ್ಟು ಒಂದೆರಡು ವಾರಗಳ ತರುವಾಯ ಕೆಲವರಲ್ಲಿ ನರಸಂಬಂಧಿ ಲಕ್ಷಣಗಳೊಡನೆ ಅದು ಮರುಕಳಿಸುವುದು ಇವು ಸುಳಿವುಗಳೇ ಹೌದು. ಆದರೆ ಇವು ಎಲ್ಲರಲ್ಲಿಯೂ ಕಾಣವು, ಕಂಡರೂ ತಡವಾಗಿ ಕಾಣಬಹುದು. ರೋಗಿಯು ಸೌದೆಗೋ ದರಗಿಗೋ ಕಾಡಿಗೆ ಹೋಗಿದ್ದನೇ, ಸಮೀಪದಲ್ಲಿ ಮಂಗ ಸತ್ತಿತ್ತೇ, ಇದು ಡಿಸೆಂಬರಿನಿಂದ ಮೇವರೆಗಿನ ಅವಧಿಯೇ ಎಂಬ ಪ್ರಶ್ನೆಗಳೇ ಸರಿಯಾದ ಪರೀಕ್ಷೆಗೆ ದಾರಿ ತೋರುತ್ತವೆ. ಇಂದು ರೋಗದ ಆರಂಭದ ದಿನಗಳಲ್ಲಿ ಪಿಸಿಆರ್ ಪರೀಕ್ಷೆಯಿಂದಲೂ, ಅನಂತರ ಪ್ರತಿಕಾಯಗಳ ಪರೀಕ್ಷೆಯಿಂದಲೂ ರೋಗವನ್ನು ಖಚಿತಪಡಿಸಿಕೊಳ್ಳಬಹುದು. ಆದರೆ ರಕ್ತದ ಮಾದರಿಯನ್ನು ಕಳುಹಿಸಬೇಕೆಂಬ ಸಂದೇಹವು ಮೊದಲು ವೈದ್ಯನಲ್ಲಿ ಹುಟ್ಟಬೇಕು. ಈ ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ನಿರ್ಜಲೀಕರಣ ಹಾಗೂ ರಕ್ತಸ್ರಾವಗಳನ್ನು ಸಕಾಲದಲ್ಲಿ ನಿಭಾಯಿಸುವುದರ ಮೇಲೆ ರೋಗಿಯ ಉಳಿವು ಬಹುಮಟ್ಟಿಗೆ ಅವಲಂಬಿಸಿರುವುದರಿಂದ ಆ ಸಂದೇಹದ ಬೆಲೆ ದೊಡ್ಡದು.

ಪ್ರಯೋಗಾಲಯದ ನಿರ್ಣಯಕ್ಕೂ ಮೊದಲೇ ಹಳ್ಳಿಯ ಜನರು ಮಂಗಗಳ ಸಾವನ್ನೂ ಮನುಷ್ಯರ ಜ್ವರವನ್ನೂ ಜೋಡಿಸಿ ನೋಡಿದ್ದರು. ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲಿ ಆ ಅವಲೋಕನವೇ ಅಡಗಿದೆ. ಮಂಗವೂ ಈ ರೋಗಕ್ಕೆ ಬಲಿಯಾಗುವ ಪ್ರಾಣಿಯೆಂಬುದನ್ನೂ, ರೋಗವನ್ನು ಮನುಷ್ಯನಿಗೆ ಮುಖ್ಯವಾಗಿ ದಾಟಿಸುವುದು ಉಣುಗು ಎಂಬುದನ್ನೂ ವಿಜ್ಞಾನವು ಅದಕ್ಕೆ ಸೇರಿಸಿತು. ಲಕ್ಷಣದಿಂದ ರೋಗವನ್ನು ತಿಳಿಯುವ ಕ್ರಮದಲ್ಲಿ ಉಷ್ಣಮಾಪಕ ಮತ್ತು ಪ್ರಯೋಗಾಲಯಗಳಿಗಿರುವಷ್ಟೇ ಸ್ಥಾನವು ರೋಗಿಯ ಊರು, ಕಸುಬು, ಋತುಗಳನ್ನು ಕುರಿತ ವಿಚಾರಣೆಗೂ ಇದೆ ಎಂಬುದನ್ನು ಈ ಇತಿಹಾಸವು ಸ್ಪಷ್ಟಪಡಿಸುತ್ತದೆ.