ಜಡ್ಡುಗಟ್ಟಿದ ಕಣ್ಣು

ಸಂವೇದನೆ ಕುಂದಿಸುವುದಕ್ಕೆ ಮನೋವೈದ್ಯದಲ್ಲಿ ಒಳ್ಳೆಯ ಅರ್ಥವಿದೆ. 1958ರಲ್ಲಿ ಜೋಸೆಫ್ ವೋಲ್ಪೆ ಅದನ್ನು ಭಯದ ಮದ್ದಾಗಿ ವಿವರಿಸಿದ. ಜಾತಿ ಇದನ್ನು ತಿರುಗುಮುರುಗು ಮಾಡಿದೆ: ಹೆದರಿಕೆ ಹೆದರಿದವನಲ್ಲೇ ಉಳಿಯುತ್ತೆ, ಜಡ್ಡುಗಟ್ಟೋದು ನೋಡುವವರ ಕಣ್ಣು.

ದರೋಜಿಯ ಬುಡ್ಗ ಜಂಗಮರ ಈರಮ್ಮ ಬುರ್ರಕಥೆ ಹಾಡಿ ನಾಡೋಜರಾದವರು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅದೇ ತಿಂಗಳು, ಕಂಪ್ಲಿಯ ಹೊಳೆಯಾಚೆ, ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿಯಿಟ್ಟರು. ಕ್ಷೌರದಂಗಡಿ, ಹೋಟೆಲುಗಳಿಗೆ ಬಿಟ್ಟುಕೊಳ್ಳದ ಜಗಳ ಅದರ ಹಿಂದಿತ್ತು. ದಿನಾ ಮುಚ್ಚಿದ ಬಾಗಿಲು ಊರಕಣ್ಣಿಗೆ ರೂಢಿಯಾದರೆ ಬೆಂಕಿಗೆ ದಾರಿ ಸಲೀಸು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಷ್ಟು ಹೊತ್ತಿಗೆ ಹತ್ತು ವರ್ಷ ಕಳೆದಿತ್ತು.

ಕಥೆಯ ದುಃಖಕ್ಕೆ ಕರಗುವ ಕಣ್ಣು ಕೇರಿಯ ಹೊಗೆಗೆ ಯಾಕೆ ಉರಿಯೋದಿಲ್ಲ? ನಮ್ಮ ವಿಮರ್ಶೆ ಮೊದಲು ಕೇಳಬೇಕಾದ್ದು ಇದನ್ನೇ.