ಅಂಗುಲದ ಲೆಕ್ಕ, ಪೆನ್ಸಿಲಿನ ಅಳತೆ

ಕನ್ನಡಿಗರು ಅಕ್ಷರವನ್ನು ಬರೆಯುವಂತೆಯೇ ಚಿತ್ರವನ್ನೂ ಬರೆಯುತ್ತಾರೆ. ಒಂದೇ ಕ್ರಿಯಾಪದ ಎರಡಕ್ಕೂ ಸಲ್ಲುವ ಈ ಭಾಷೆಯ ಸೀಮೆಯಲ್ಲಿ ಚಿತ್ರ ಕಲಿಯುವ ಕ್ರಮವೂ ಬಹುಕಾಲ ಅಕ್ಷರಾಭ್ಯಾಸದ ದಾರಿಯಲ್ಲೇ ನಡೆದಿತ್ತು. ಗುರು ಹಾಕಿಕೊಟ್ಟ ರೇಖೆಯ ಮೇಲೆ ಶಿಷ್ಯನು ಕೈಯಾಡಿಸಿ ತಿದ್ದುವುದು, ತಿದ್ದಿದ್ದನ್ನು ನೆನಪಿನಿಂದ ಮತ್ತೆ ಬರೆಯುವುದು ವಿದ್ಯೆಯ ಮೊದಲ ಮೆಟ್ಟಿಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇದಕ್ಕಿಂತ ತೀರ ಬೇರೆಯಾದ ಇನ್ನೊಂದು ಕ್ರಮ, ಎಂದರೆ ಎದುರಿಗಿಟ್ಟ ವಸ್ತುವನ್ನು ಕಣ್ಣಿನಿಂದ ಅಳೆದು ಕಾಗದಕ್ಕೆ ಇಳಿಸುವ ಕ್ರಮ, ಇಂಗ್ಲೆಂಡಿನಿಂದ ಬಂದು ಶಾಲೆಗಳಲ್ಲಿ ನೆಲೆಯೂರಿತು. ಈ ಎರಡನೆಯದರ ಚರಿತ್ರೆಯನ್ನಷ್ಟೇ ನಮ್ಮ ಕಲಾಶಿಕ್ಷಣದ ಚರಿತ್ರೆ ಎಂದು ಹೇಳುವ ರೂಢಿ ಬೆಳೆದಿರುವುದು ಸರಿಯಲ್ಲ.

ಮೈಸೂರು ಸೀಮೆಯ ಚಿತ್ರಗಾರ ಮನೆತನಗಳಲ್ಲಿ ಕಲಿಕೆಯ ಬೆನ್ನೆಲುಬು ತಾಳಮಾನ. ತಾಳವೆಂದರೆ ಹಣೆಯ ಮೇಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ. ಅದನ್ನು 12 ಪಾಲು ಮಾಡಿದರೆ ಒಂದು ಪಾಲು ಅಂಗುಲ. ನವತಾಳದ ಮೂರ್ತಿಯೊಂದರಲ್ಲಿ ಮುಖಕ್ಕೆ 12 ಅಂಗುಲ, ಕೊರಳಿಗೆ 4, ಕೊರಳಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕಟಿಯ ಕೆಳಗಿನವರೆಗೆ 12, ತೊಡೆಗೆ 24, ಮಂಡಿಗೆ 4, ಕಣಕಾಲಿಗೆ 24, ಪಾದದ ಎತ್ತರಕ್ಕೆ 4 ಎಂದು ಹಂಚಿದಾಗ ಒಟ್ಟು 108 ಅಂಗುಲವಾಗುತ್ತದೆ. ಮಗ್ಗಿಯಂತೆ ಬಾಯಿಗೆ ಬರಬೇಕಾದ ಈ ಲೆಕ್ಕದ ಜೊತೆಗೆ, ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂಬುದನ್ನು ಹೇಳುವ ಧ್ಯಾನಶ್ಲೋಕಗಳನ್ನೂ ಶಿಷ್ಯನು ಕಲಿಯಬೇಕಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳುಳ್ಳ ‘ಶ್ರೀತತ್ತ್ವನಿಧಿ’ ಇಂಥ ಲಕ್ಷಣಗಳನ್ನು ಚಿತ್ರಸಹಿತವಾಗಿ ಒಟ್ಟುಗೂಡಿಸಿದ ಮಹಾಗ್ರಂಥ. ಕಣ್ಣೆದುರು ಯಾವ ಮಾದರಿಯೂ ಇಲ್ಲದೆ, ಒಳಗಿನ ಲೆಕ್ಕ ಮತ್ತು ಕೈಯ ಅಭ್ಯಾಸ ಎರಡರಿಂದಲೇ ಆಕೃತಿಯನ್ನು ಮೂಡಿಸುವ ಈ ಶಿಕ್ಷಣವನ್ನು ಬರಿಯ ನಕಲು ಎಂದು ತಳ್ಳಿಹಾಕುವವರು, ಅದು ಸ್ಮರಣೆಗೆ ಎಷ್ಟು ಕಠಿಣವಾದ ತಾಲೀಮಾಗಿತ್ತೆಂಬುದನ್ನು ಗಮನಿಸಿಲ್ಲ.

ಸಾಮಗ್ರಿಯನ್ನು ಸಿದ್ಧಪಡಿಸುವುದು ಸಹ ಪಾಠದ ಭಾಗವೇ ಆಗಿತ್ತು. ಹುಣಸೆಯ ಸಣ್ಣ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟರೆ ಸಿಗುವ ಇದ್ದಿಲ ಕಡ್ಡಿಯೇ ಆ ಕಾಲದ ಪೆನ್ಸಿಲು. ಅದರ ಗೆರೆ ಬಟ್ಟೆಯಿಂದ ತಟ್ಟಿದರೆ ಅಳಿಸಿಹೋಗುವುದರಿಂದ ತಪ್ಪಿದ್ದನ್ನು ಎಷ್ಟು ಬಾರಿಯಾದರೂ ತಿದ್ದಬಹುದಾಗಿತ್ತು. ಅಳಿಲಿನ ಕೂದಲಿನಿಂದ ಕುಂಚ ಕಟ್ಟುವುದು, ಬಣ್ಣ ಅರೆಯುವುದು, ಚಿನ್ನದ ಹಾಳೆ ಕೂರಿಸುವ ಮುನ್ನ ಒಡವೆ ಮತ್ತು ಸೆರಗಿನಂಚುಗಳನ್ನು ತೆಳುವಾಗಿ ಉಬ್ಬಿಸಲು ಸಫೇದವೆಂಬ ಬಿಳಿಯ ಪುಡಿಯನ್ನು ಅಂಟಿನಲ್ಲಿ ಕಲಸುವುದು, ಇವೆಲ್ಲ ಗುರುವಿನ ಪಕ್ಕದಲ್ಲಿ ಕೂತು ನೋಡುತ್ತ ಮಾಡುತ್ತ ಬರುವ ಕೆಲಸಗಳು.

ಶಾಲೆಯ ಡ್ರಾಯಿಂಗ್‌ಗೆ ಹುಟ್ಟು ಬೇರೆ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದ ನಂತರ, ಬ್ರಿಟಿಷ್ ಕಾರ್ಖಾನೆಗಳ ಸರಕಿಗೆ ಒಳ್ಳೆಯ ವಿನ್ಯಾಸ ಒದಗಿಸಬಲ್ಲ ಕೆಲಸಗಾರರನ್ನು ತಯಾರಿಸಬೇಕೆಂಬ ಚಿಂತೆಯಿಂದ ಹೆನ್ರಿ ಕೋಲ್ ಮತ್ತು ರಿಚರ್ಡ್ ರೆಡ್‌ಗ್ರೇವ್ ಅವರು 23 ಹಂತಗಳ ಪಠ್ಯಕ್ರಮವೊಂದನ್ನು ರೂಪಿಸಿದರು. ಲಂಡನ್ನಿನ ಬಡಾವಣೆಯ ಹೆಸರಿನಿಂದ ಅದು ಸೌತ್ ಕೆನ್ಸಿಂಗ್ಟನ್ ಪದ್ಧತಿಯೆಂದು ಪ್ರಸಿದ್ಧವಾಯಿತು. ಮದ್ರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ತೆರೆದ ಕಲಾಶಾಲೆಯೂ, ಜಮ್ಶೇಟ್‌ಜಿ ಜೀಜೀಭಾಯ್ ಅವರ ಒಂದು ಲಕ್ಷ ರೂಪಾಯಿಯ ದಾನದಿಂದ 1857ರಲ್ಲಿ ಬೊಂಬಾಯಿಯಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯೂ ಬರಬರುತ್ತ ಇದೇ ಪದ್ಧತಿಯ ಪ್ರಭಾವಕ್ಕೆ ಒಳಗಾದವು. ಈ ಶಾಲೆಗಳ ಮೊದಲ ಗುರಿ ಕಸಬುದಾರರ ಕೈಯನ್ನು ಹದಗೊಳಿಸುವುದಾಗಿತ್ತು ಎಂಬುದನ್ನು ಮರೆತರೆ, ಅಲ್ಲಿನ ಪಾಠಗಳು ಅಷ್ಟು ಶುಷ್ಕವಾಗಿದ್ದುದೇಕೆ ಎಂಬುದು ತಿಳಿಯುವುದಿಲ್ಲ.

ಆ ತರಗತಿಯಲ್ಲಿ ಹೊಸ ವಿದ್ಯಾರ್ಥಿಯ ಕೆಲಸ ನೇರ ಗೆರೆಯಿಂದ ಮೊದಲಾಗುತ್ತಿತ್ತು. ಮುದ್ರಿತ ಹಾಳೆಯಲ್ಲಿದ್ದ ಬಳ್ಳಿ ಮತ್ತು ಎಲೆಗಳ ಹೊರರೇಖೆಯನ್ನು ಅಳತೆಪಟ್ಟಿಯ ಸಹಾಯವಿಲ್ಲದೆ ಬರೆಯುವ ಫ್ರೀಹ್ಯಾಂಡ್, ಕೈವಾರ ಮತ್ತು ಪಟ್ಟಿಗಳಿಂದ ಸಾಧಿಸುವ ಜ್ಯಾಮಿತಿ, ದೂರ ಸರಿದಂತೆ ವಸ್ತು ಕಿರಿದಾಗಿ ಕಾಣುವ ನಿಯಮವನ್ನು ಹೇಳುವ ಪರ್ಸ್‌ಪೆಕ್ಟಿವ್, ಆಮೇಲೆ ಪ್ಲಾಸ್ಟರ್ ಅಚ್ಚಿನ ಪ್ರತಿಮೆಗಳನ್ನು ಮುಂದಿಟ್ಟುಕೊಂಡು ನೆರಳು ಬೆಳಕು ತುಂಬುವ ಅಭ್ಯಾಸ, ಹೀಗೆ ಒಂದೊಂದು ಹಂತ ದಾಟಿದ ಮೇಲೆಯೇ ಮುಂದಿನದಕ್ಕೆ ಅಪ್ಪಣೆ. ಇವುಗಳಲ್ಲೆಲ್ಲ ಕಲಿಯುವವನನ್ನು ಹೆಚ್ಚು ಕಾಡಿದ್ದು ವಸ್ತುಚಿತ್ರಣ. ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ ಇಟ್ಟರೆ, ಅದರ ಬಾಯಿ ದುಂಡಗಿದೆಯೆಂದು ಬುದ್ಧಿಗೆ ಗೊತ್ತಿರುವುದರಿಂದ ಕೈ ದುಂಡಗೆ ಬರೆದುಬಿಡುತ್ತದೆ. ಹೂಜಿ ಮೇಜಿನ ಮೇಲೆ ಸಮವಾಗಿ ಕೂತಿದೆಯೆಂದು ಗೊತ್ತಿರುವುದರಿಂದ ತಳಕ್ಕೆ ನೇರ ಗೆರೆ ಎಳೆಯುತ್ತದೆ. ಕೂತ ಜಾಗದಿಂದ ಕಾಣುವುದಾದರೋ ಚಪ್ಪಟೆಯಾದ ಮೊಟ್ಟೆಯಾಕಾರದ ಬಾಯಿ, ಬಾಗಿದ ತಳ. ಒಂದು ಕಣ್ಣು ಮುಚ್ಚಿ, ತೋಳನ್ನು ಪೂರ್ತಿ ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳನ್ನು ಸರಿಸುತ್ತ ಅಗಲ ಎಷ್ಟು, ಎತ್ತರ ಅದರ ಎಷ್ಟು ಪಾಲು ಎಂದು ಅಳೆಯುವ ರೂಢಿ ಈ ಗೊತ್ತಿರುವುದಕ್ಕೂ ಕಾಣುವುದಕ್ಕೂ ನಡುವಣ ಜಗಳವನ್ನು ತೀರಿಸಲು ಹುಟ್ಟಿದ್ದು. ತಾಳಮಾನ ಕಲಿತವನಿಗೆ ಅಳತೆ ಆಕೃತಿಯ ಒಳಗೇ ಇರುತ್ತದೆ, ಎಲ್ಲಿಂದ ನೋಡಿದರೂ ಬದಲಾಗುವುದಿಲ್ಲ. ಶಾಲೆಯ ಹುಡುಗನಿಗೆ ಅಳತೆ ಅವನು ಕೂತ ಜಾಗಕ್ಕೆ ಕಟ್ಟುಬಿದ್ದದ್ದು, ಪಕ್ಕದ ಮಣೆಗೆ ಸರಿದರೆ ಅದೇ ಹೂಜಿ ಬೇರೊಂದು ಚಿತ್ರ.

ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಈ ಹೊಸ ವಿದ್ಯೆಯೂ ಹಲವು ಬಾಗಿಲುಗಳಿಂದ ಬಂತು. ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯಲ್ಲಿ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಗ್ರೇಡ್ ಪರೀಕ್ಷೆಗಳು ಡ್ರಾಯಿಂಗ್ ಕಲಿಕೆಯ ಹೆಗ್ಗುರುತಾದವು. ಹೀಗೆ ಪರೀಕ್ಷೆಯ ಕಟ್ಟಿನಲ್ಲಿ ಬೆಳೆದವರಲ್ಲಿ ಡಿ.ವಿ. ಹಾಲಭಾವಿಯವರಂಥವರು ಬೊಂಬಾಯಿಯ ಜೆ.ಜೆ. ಶಾಲೆಯಲ್ಲಿ ಕಲಿತು ಮರಳಿದರು. ಅವರು 1935ರಲ್ಲಿ ಧಾರವಾಡದಲ್ಲಿ ಸ್ಕೂಲ್ ಆಫ್ ಆರ್ಟ್ ತೆರೆದರು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲೇ ಕಲಾಮಂದಿರವನ್ನು ಕಟ್ಟಿದ್ದರು. ಮೈಸೂರಿನಲ್ಲಿ ಸರ್ಕಾರದ ಕೈಗಾರಿಕಾ ಶಾಲೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಾಗಿ ಬೆಳೆದು, ಅದರ ಭವ್ಯ ಕಟ್ಟಡಕ್ಕೆ ಮುಂದೆ ಐದನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರನು 1906ರಲ್ಲಿ ಅಡಿಗಲ್ಲಿಟ್ಟನು.

ಈ ಎರಡು ವಿದ್ಯೆಗಳೂ ಒಬ್ಬನೇ ವಿದ್ಯಾರ್ಥಿಯಲ್ಲಿ ಕೂಡಿದ ನಿದರ್ಶನವೆಂದರೆ 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು. ಮನೆಯ ವಿದ್ಯೆಯ ಮೇಲೆ ಮೈಸೂರಿನ ಕೈಗಾರಿಕಾ ಶಾಲೆಯ ಶಿಕ್ಷಣ ಪಡೆದ ಅವರು, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಇ.ಬಿ. ಹ್ಯಾವೆಲ್ ಅವರು ಆ ಶಾಲೆಯ ಮುಖ್ಯಸ್ಥರಾಗಿದ್ದಾಗ ಐರೋಪ್ಯ ಮಾದರಿಗಳನ್ನು ಬದಿಗೆ ಸರಿಸಿ ಭಾರತೀಯ ಚಿತ್ರಗಳನ್ನು ಮುಂದೆ ತಂದಿದ್ದರು. ಆ ಬದಲಾವಣೆಯನ್ನು ಆಗಿನ ವಿದ್ಯಾರ್ಥಿಗಳೇ ಪ್ರತಿಭಟಿಸಿದ್ದರೆಂಬುದು, ಇಂಗ್ಲೆಂಡಿನಿಂದ ಬಂದ ಪದ್ಧತಿ ಎಷ್ಟು ಬೇಗ ಕಲಿಯುವವರ ಮನಸ್ಸನ್ನು ಹಿಡಿದಿತ್ತೆಂಬುದಕ್ಕೆ ಸಾಕ್ಷಿ. ವೆಂಕಟಪ್ಪನವರು ಮುಂದೆ ಬರೆದ ಊಟಿ ಮತ್ತು ಕೊಡೈಕೆನಾಲಿನ ಜಲವರ್ಣಗಳಲ್ಲಿ ಬೆಟ್ಟದ ಮಂಜು, ಮೋಡದ ಬೆಳಕುಗಳನ್ನು ಗುರುತಿಸಿದ ಕಣ್ಣು ಶಾಲೆಯ ಶಿಸ್ತನ್ನು ಬಲ್ಲದ್ದು. ಕೂದಲೆಳೆಯಷ್ಟು ಸೂಕ್ಷ್ಮಕ್ಕೂ ಬೇಸರಿಸದ ಕೈ ಚಿತ್ರಗಾರರ ಮನೆಯದು.

ಡ್ರಾಯಿಂಗ್ ಮಾಸ್ತರರ ಕೆಂಪು ಪೆನ್ಸಿಲಿನ ತಿದ್ದುಪಡಿಯುಳ್ಳ ಹಾಳೆಗಳಾಗಲಿ, ಚಿತ್ರಗಾರರ ಮನೆಗಳ ಕರಡು ರೇಖಾಚಿತ್ರಗಳಾಗಲಿ ಮುಗಿದ ಚಿತ್ರಗಳಿಗೆ ಸಿಕ್ಕಷ್ಟು ಆದರವನ್ನು ಪಡೆದಿಲ್ಲ. ಗುರುವಿನ ಗೆರೆ ಎಲ್ಲಿ ನಿಂತಿತು, ಶಿಷ್ಯನ ಗೆರೆ ಎಲ್ಲಿಂದ ಮುಂದುವರಿಯಿತು ಎಂಬುದು ಅಂಥ ಹಾಳೆಯಲ್ಲಿ ಮಾತ್ರ ಕಾಣುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಅವು ಉಳಿದಿರುವ ಮನೆಗಳವರು ಅವನ್ನು ರದ್ದಿಗೆ ಹಾಕದೆ, ಹತ್ತಿರದ ವಸ್ತುಸಂಗ್ರಹಾಲಯಕ್ಕೋ ಕಲಾಶಾಲೆಗೋ ಒಪ್ಪಿಸಬೇಕು.